ತವರಿಗೆ ಬಂದ ಮರುಗ

“ಅಜ್ಜಾರೇ, ಒಬ್ಬನು ಹೊಟ್ಟೆಕಿಚ್ಚಿನಿಂದ ಇನ್ನೊಬ್ಬನಿಗೆ ಕೆಡುಕು ಮಾಡಲು ಹೋಗಿ, ಅದರಿಂದ ಆ ಇನ್ನೊಬ್ಬನಿಗೆ ಒಳ್ಳೆಯದೇ ಆಗಿಬಿಟ್ಟರೆ, ಮಾಡಿದವನಿಗೆ ಬರುವುದು ಪಾಪವೋ ಪುಣ್ಯವೋ?”

ಕೇಳಿದವನು ಪರ್ವತಯ್ಯ, ಮಠದ ಶಿಷ್ಯರಲ್ಲಿ ಹಿರಿಯ. ಅವನಿಗಿಂತ ಕಿರಿಯನಾದ ಮಹಾಂತಯ್ಯ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಪ್ರಶ್ನೆ ಕೇಳುವಾಗ ಪರ್ವತಯ್ಯನ ಕಣ್ಣು ಒಮ್ಮೆ ಆ ಬಾಗಿಲ ಕಡೆ ಹೋಗಿ ಬಂತು.

“ಯಾರು ಮಾಡಿದ್ದು?” ಎಂದರು ಅಜ್ಜ, ಆ ಮಠದ ಸ್ವಾಮಿಗಳು.

“ಯಾರೂ ಇಲ್ಲ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳುವವರ ಕಿವಿ ಕೆಂಪಗಾಗುವುದಿಲ್ಲ. ಇರಲಿ, ಕೂತುಕೋ. ನಾನೂ ಸುಮ್ಮನೆ ಒಂದು ಕತೆ ಹೇಳುತ್ತೇನೆ.”

ಪರ್ವತಯ್ಯ ಕೂತ. ಅಜ್ಜ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಮನೆ ಪೇಟೆಯ ಓಣಿಯಲ್ಲಿ. ಪೇಟೆಯ ಮನೆ ಎಂದರೆ ನಿನಗೆ ಗೊತ್ತಲ್ಲ. ಎಡಗೋಡೆ ಎಡಮನೆಯವರದು, ಬಲಗೋಡೆ ಬಲಮನೆಯವರದು, ಹಿತ್ತಿಲೂ ಇಲ್ಲ, ಅಂಗಳವೂ ಇಲ್ಲ. ಹೊರಗಿನ ಕಟ್ಟೆಯ ಮೇಲೆ ಗಿಡ ಇಟ್ಟರೆ ಓಣಿಯ ಆಡುಗಳಿಗೆ ಹಬ್ಬ. ಹಾಗಾಗಿ ಅಲ್ಲಿ ಗಿಡವೆಂದರೆ ಪಡಸಾಲೆಯಲ್ಲೇ, ಕುಂಡದಲ್ಲೇ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವಷ್ಟು ಬಿಸಿಲೇ ಅದರ ಪಾಲು. ಒಂದು ತುಳಸಿ, ಒಂದಿಷ್ಟು ದವನ, ಮರುಗ, ಎಲ್ಲೋ ಒಂದು ಮಲ್ಲಿಗೆ. ದೇವರ ತಲೆಗೂ ಆಯಿತು, ಹೆಂಗಸರ ಮುಡಿಗೂ ಆಯಿತು.

ಆದರೆ ಆ ಓಣಿಯ ಹೆಂಗಸರಿಗೆ ಗಿಡಕ್ಕಿಂತ ನೆಲದ ಮೇಲೆ ಹೆಚ್ಚು ಪ್ರೀತಿ. ಪಡಸಾಲೆಯ ಗಾರೆ ನೆಲವನ್ನು ಮುಖ ಕಾಣುವ ಹಾಗೆ ಒರೆಸಿ ಇಡುವವರು. ಕುಂಡದ ತಳದ ತೂತಿನಿಂದ ಕೆಸರು ನೀರು ಸೋರಿ ಆ ನೆಲ ಕಲೆಯಾದರೆ ಅತ್ತೆಯರ ಬಾಯಿ ಮುಚ್ಚಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ಕುಂಡ ಮನೆಗೆ ಬಂದ ದಿನವೇ ಆ ತೂತಿಗೆ ಹಳೆಯ ಚಿಂದಿ ತುರುಕಿ ಬಿಗಿದುಬಿಡುವುದು ಅಲ್ಲಿಯ ರೂಢಿ. ತೂತು ಯಾಕಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕುಂಬಾರನಿಗೆ ಬುದ್ಧಿ ಸಾಲದು ಎಂದೇ ಎಲ್ಲರ ತಿಳಿವಳಿಕೆ.

ಗಿಡಗಳು ಆಗಾಗ ಸೊರಗುತ್ತಿದ್ದವು. ಸೊರಗಿದರೆ ಮನೆಯವಳ ಕೈಗುಣ ಸರಿಯಿಲ್ಲ ಎನ್ನುತ್ತಿದ್ದರು. ಆಗ ಆ ಕುಂಡವನ್ನು ಒಳ್ಳೆಯ ಕೈಗುಣದವಳ ಮನೆಗೆ ಒಯ್ದು ಬಿಟ್ಟು ಬರುತ್ತಿದ್ದರು. ಗಿಡವನ್ನು ತವರಿಗೆ ಕಳಿಸುವುದು ಎಂದು ಅದಕ್ಕೆ ಹೆಸರು. ಚೇತರಿಸಿಕೊಂಡ ಮೇಲೆ ಹೋಗಿ, ಆ ಮನೆಯವಳ ಸೆರಗಿಗೆ ಅಕ್ಕಿ, ಕೊಬ್ಬರಿ, ರವಿಕೆಗೆ ಒಂದು ಖಣ ಹಾಕಿ ಉಡಿ ತುಂಬುತ್ತಿದ್ದರು. ಬಾಣಂತನ ಮುಗಿಸಿದ ಮಗಳನ್ನು ಕರೆತರುವ ಹಾಗೆ ಗಿಡವನ್ನು ಕರೆತರುತ್ತಿದ್ದರು. ನಗಬೇಡ, ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಓಣಿಯ ಗಿಡಗಳಿಗೆಲ್ಲ ತವರು ಎಂದರೆ ಜವಳಿ ವ್ಯಾಪಾರಿಯ ಹಿರಿಯ ಸೊಸೆಯ ಪಡಸಾಲೆ.

ಈ ಹಿರಿಯ ಸೊಸೆಗೆ ಮನೆಯಲ್ಲಿ ಮಾಡಲು ಕೆಲಸ ಬೆಟ್ಟದಷ್ಟು, ತನ್ನದು ಎಂದು ಹೇಳಿಕೊಳ್ಳಲು ಸಾಸಿವೆಯಷ್ಟೂ ಇಲ್ಲ. ಕೀಲಿಕೈ ಗೊಂಚಲು ಅತ್ತೆಯ ಸೊಂಟದಲ್ಲಿ. ರೊಟ್ಟಿ ಬಡಿಯುವವಳು ಇವಳಾದರೂ ಉಂಡವರು ಹೊಗಳುವುದು ಅತ್ತೆಯನ್ನು. ಗಂಡ ಒಳ್ಳೆಯವನೇ, ಆದರೆ ಅಂಗಡಿಯಿಂದ ಬಂದರೆ ಅವ್ವನ ಹತ್ತಿರ ಕೂತು ಮಾತಾಡುವವನು. ಇಡೀ ಊರಿನಲ್ಲಿ ಅವಳನ್ನೇ ಹುಡುಕಿಕೊಂಡು ಬರುವವರು ಎಂದರೆ, ಸೊರಗಿದ ಕುಂಡವನ್ನು ಕಂಕುಳಲ್ಲಿ ಇಟ್ಟುಕೊಂಡ ಹೆಂಗಸರು. “ಗಿಡದಕ್ಕ ಇದ್ದಾಳೇನ್ರೀ?” ಎಂದು ಬಾಗಿಲಲ್ಲಿ ಕೇಳುವ ಆ ಮಾತಿಗೆ ಅವಳು ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿ ಬರುತ್ತಿದ್ದಳು. ಅತ್ತೆ ಕೂಡ ಆ ಹೊತ್ತಿನಲ್ಲಿ ಮೂಗು ಮುರಿಯದೆ ಬಂದವರಿಗೆ ಚಾಪೆ ಹಾಸುತ್ತಿದ್ದಳು. ಉಡಿಗೆ ಬಂದ ಖಣಗಳನ್ನು ಹಿರಿಯ ಸೊಸೆ ಹೊಲಿಸಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟು, ಆಗಾಗ ತೆಗೆದು ನೋಡಿ, ಮತ್ತೆ ಮಡಿಚಿ ಇಡುತ್ತಿದ್ದಳು.

ಅವಳ ಕೈಗುಣದ ಗುಟ್ಟೇನು? ಕೇಳಿದ್ದರೆ ಅವಳಿಗೇ ಗೊತ್ತಿರಲಿಲ್ಲ. ಬಂದ ಕುಂಡವನ್ನು ಬೆಳಕಿಂಡಿಯ ಕೆಳಗೆ ಇಡುವಳು. ಆಮೇಲೆ ಬೀಸುವುದು, ಕುಟ್ಟುವುದು, ನೀರು ಹೊರುವುದು, ಇದರಲ್ಲಿ ಮುಳುಗಿ ಅದನ್ನು ಮರೆತೇಬಿಡುವಳು. ನೆನಪಾದಾಗ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಒಂದು ತಂಬಿಗೆ ನೀರು. ಇಷ್ಟೇ. ತನ್ನ ಮನೆಯಲ್ಲಿ ಮುದ್ದಿನಿಂದ ಕುಡಿಸಿದ ನೀರನ್ನೆಲ್ಲ ಕುಡಿದು ಹೊಟ್ಟೆಯುಬ್ಬರ ಬಂದ ಗಿಡ ಇಲ್ಲಿ ಯಾರ ಕಾಟವೂ ಇಲ್ಲದೆ ನಾಲ್ಕು ದಿನ ಉಸಿರಾಡುತ್ತಿತ್ತು, ಚಿಗುರುತ್ತಿತ್ತು. ಅವಳು ತನ್ನ ಅಂಗೈ ನೋಡಿಕೊಂಡು ಹಿಗ್ಗುತ್ತಿದ್ದಳು.

ಹೀಗಿರುವಾಗ ಮೈದುನನಿಗೆ ಮದುವೆಯಾಯಿತು, ಕಿರಿಯ ಸೊಸೆ ಬಂದಳು. ಕೆಟ್ಟವಳೇನಲ್ಲ. ನಗುಮುಖದ ಹುಡುಗಿ. “ಅಕ್ಕಾ, ಅಕ್ಕಾ” ಎಂದು ಓರಗಿತ್ತಿಯ ಸೆರಗು ಹಿಡಿದೇ ತಿರುಗುವಳು. ಹಿರಿಯವಳಿಗೂ ಮೊದಮೊದಲು ಮನೆಯಲ್ಲಿ ಒಂದು ಜೊತೆ ಸಿಕ್ಕಿತಲ್ಲ ಎಂದು ಸಂತೋಷವೇ ಆಯಿತು.

ತಮ್ಮನ ಮದುವೆಗೆಂದು ಹಿರಿಯವಳು ತವರಿಗೆ ಹೋದಳು. ಆಗ ಯಾರೋ ಸೊರಗಿದ ದವನ ತಂದರು. ಕಿರಿಯವಳು ಅದನ್ನು ಇಸಿದುಕೊಂಡು, “ಅಕ್ಕ ಬರುವ ತನಕ ಇಲ್ಲಿರಲಿ” ಎಂದು ಬೆಳಕಿಂಡಿಯ ಕೆಳಗೆ ಇಟ್ಟಳು. ಅಕ್ಕನ ಪಾಲಿನ ಗಿಡ, ಮುಟ್ಟಲು ಹೆದರಿಕೆ. ಅಪರೂಪಕ್ಕೊಮ್ಮೆ ನೀರು ಚಿಮುಕಿಸಿದಳು, ಅಷ್ಟೇ. ಹಿರಿಯವಳು ಮರಳಿ ಬರುವ ಹೊತ್ತಿಗೆ ದವನ ಘಮಘಮ ಎನ್ನುತ್ತ ತನ್ನ ಮನೆಗೆ ಹೋಗಿಯಾಗಿತ್ತು. ಕಿರಿಯವಳ ಉಡಿ ತುಂಬಿತ್ತು. ಓಣಿಯ ಬಾಯಿಗೆ ಹೊಸ ಮಾತು ಸಿಕ್ಕಿತ್ತು: “ದೊಡ್ಡವಳದೂ ಒಳ್ಳೆಯ ಕೈಯೇ ಬಿಡ್ರಿ, ಆದರೆ ಚಿಕ್ಕವಳದು ಇನ್ನೂ ತಣ್ಣಗಿನ ಕೈ.”

ಆಮೇಲೆ ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಳು: “ಚಿಕ್ಕ ಸೊಸೆ ಇದ್ದಾಳೇನ್ರೀ?”

ಒಳಗೆ ಹಿಟ್ಟು ನಾದುತ್ತಿದ್ದ ಹಿರಿಯವಳ ಕೈ ಹಿಟ್ಟಿನಲ್ಲೇ ನಿಂತಿತು.

ಹೊಟ್ಟೆಕಿಚ್ಚು ಬರುವಾಗ ತಾನು ಹೊಟ್ಟೆಕಿಚ್ಚು ಎಂದು ಹೇಳಿಕೊಂಡು ಬರುವುದಿಲ್ಲ ಪರ್ವತಯ್ಯ. ಅದು ನ್ಯಾಯ ಮಾತಾಡುತ್ತ ಬರುತ್ತದೆ. ‘ಇಷ್ಟು ವರ್ಷ ಈ ಮನೆಯಲ್ಲಿ ಸವೆದವಳು ನಾನು. ನಿನ್ನೆ ಬಂದ ಇವಳಿಗೆ ಏನು ಗೊತ್ತು? ಅತ್ತೆ ನನಗೆ ಒಂದು ದಿನವಾದರೂ ಮೊಸರಿನ ಕೆನೆ ಕೊಟ್ಟಳೇ? ಇವಳ ತಾಟಿಗೆ ಕೇಳದೆಯೇ ಬೀಳುತ್ತದೆ. ಬೀಳಲಿ. ಕೆನೆ ಬೇಡ, ಕೀಲಿಕೈ ಬೇಡ. ನನಗಿದ್ದದ್ದು ಇದೊಂದು. ಇದಕ್ಕೂ ಕೈ ಹಾಕಬೇಕೇ ಇವಳು?’ ಹೀಗೆ. ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಅದಕ್ಕೇ ಅವಳಿಗೆ ತನ್ನ ಹೊಟ್ಟೆ ಉರಿಯುತ್ತಿದೆ ಎಂದು ಅನ್ನಿಸಲೇ ಇಲ್ಲ.

ಆದರೆ ಉರಿಯುತ್ತಿತ್ತು. ಕಿರಿಯವಳು ನಕ್ಕರೆ ಹಲ್ಲು ಕಿಸಿಯುತ್ತಾಳೆ ಎನಿಸಿತು. ಸುಮ್ಮನಿದ್ದರೆ ಜಂಬ ಎನಿಸಿತು. “ಅಕ್ಕಾ” ಎಂದು ಕರೆದರೆ ಮೈಯೆಲ್ಲ ಮೆಣಸಿನಕಾಯಿ ಸವರಿದ ಹಾಗಾಯಿತು. ಹಾಗೆಂದು ಜಗಳ ತೆಗೆಯುವ ಹಾಗೂ ಇಲ್ಲ. ಹುಡುಗಿಯಲ್ಲಿ ತಪ್ಪೇನು ಎಂದು ಯಾರಾದರೂ ಕೇಳಿದರೆ ಹೇಳಲು ಒಂದೂ ಇರಲಿಲ್ಲ. ಅದೂ ಒಂದು ಸಿಟ್ಟೇ ಆಗಿತ್ತು ಅವಳಿಗೆ.

ಅದೇ ಓಣಿಯ ತುದಿಯ ದೊಡ್ಡ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಎಲ್ಲರೂ ಮರ್ಯಾದೆ ಕೊಡುವ ಹೆಂಗಸು. ಅವಳ ಒಬ್ಬಳೇ ಮಗಳು ತೀರಿಕೊಂಡಿದ್ದಳು. ಆ ಮಗಳು ತನ್ನ ಕೈಯಾರೆ ನೆಟ್ಟ ಮರುಗದ ಗಿಡವೊಂದು ಮನೆಯಲ್ಲಿ ಉಳಿದಿತ್ತು. ಮುದುಕಿ ದಿನಾ ಅದರ ಒಂದು ಎಲೆ ಮೂಸಿ ನೋಡಿ ಆಮೇಲೆ ಉಣ್ಣುವಳು. ಆ ಗಿಡವೂ ಹಳದಿಗೆ ತಿರುಗಿ ಬಗ್ಗತೊಡಗಿತು. ಮುದುಕಿ ಜಾಣೆ. ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳಿಗೆ ನೋವು ಎಂದು ಗೊತ್ತಿತ್ತು. ಬುಡದಲ್ಲಿ ಹಬ್ಬಿದ್ದ ಗಿಡವನ್ನು ಬೇರು ಸಮೇತ ಎರಡು ಪಾಲು ಮಾಡಿ, ಎರಡು ಕುಂಡಗಳಲ್ಲಿ ಇಟ್ಟು ತಂದಳು.

“ಇಬ್ಬರಿಗೂ ಒಂದೊಂದು ಕೊಡುತ್ತೇನೆ ಮಕ್ಕಳಾ. ಯಾರ ಕೈಯಲ್ಲಾದರೂ ಸರಿ, ಒಂದು ಉಳಿಸಿಕೊಡಿ. ನನ್ನ ಮಗಳದು ಅಂತ ಇದ್ದದ್ದು ಇದೊಂದೇ” ಎಂದಳು.

ಕಿರಿಯವಳ ಕಣ್ಣಲ್ಲಿ ನೀರು ಬಂತು. ಹಿರಿಯವಳು ಕೇಳಿಸಿಕೊಂಡದ್ದು ‘ಯಾರ ಕೈಯಲ್ಲಾದರೂ’ ಎಂಬ ಮಾತನ್ನು ಮಾತ್ರ. ಇನ್ನು ಇದು ಮುದುಕಿಯ ಗಿಡವಲ್ಲ, ತನ್ನ ಮಾನ. ತನ್ನದು ಉಳಿದು ಅವಳದು ಸತ್ತರೆ ಓಣಿಯ ಬಾಯಿ ತಾನಾಗಿ ಮುಚ್ಚುತ್ತದೆ. ತನ್ನದು ಸತ್ತು ಅವಳದು ಉಳಿದರೆ, ಬಾಗಿಲಲ್ಲಿ ಗಿಡದಕ್ಕ ಎಂದು ಕೇಳುವವರು ಇನ್ನು ಯಾರೂ ಇರುವುದಿಲ್ಲ.

ಎರಡೂ ಕುಂಡಗಳಿಗೆ ರೂಢಿಯ ಹಾಗೆ ಚಿಂದಿ ಬಿಗಿದು, ಬೆಳಕಿಂಡಿಯ ಕೆಳಗೆ ಅಕ್ಕಪಕ್ಕ ಇಟ್ಟರು.

ಎಂದೂ ಗಿಡದ ಕಡೆ ತಿರುಗಿ ನೋಡಲು ಪುರುಸೊತ್ತಿಲ್ಲದವಳಿಗೆ ಈಗ ಎಲ್ಲಿಲ್ಲದ ಪುರುಸೊತ್ತು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಗಿಡ ನೋಡಿದಳು. ಅಕ್ಕಿ ತೊಳೆದ ನೀರು ಹಾಕಿದಳು. ಮಜ್ಜಿಗೆ ತಿಳಿ ಹಾಕಿದಳು. ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮಣ್ಣಿಗೆ ಬೆರಳು ಚುಚ್ಚಿ ನೋಡುವುದನ್ನು ಮಾತ್ರ ಮರೆತಳು. ಬೆರಳು ಚುಚ್ಚುವ ಮೊದಲೇ ಅವಳ ಕಣ್ಣು ಪಕ್ಕದ ಕುಂಡಕ್ಕೆ ಹೋಗುತ್ತಿತ್ತು.

ಕಿರಿಯವಳು ಇದನ್ನು ನೋಡಿದಳು. ಅಕ್ಕನಿಗೆ ಗೊತ್ತಿಲ್ಲದ್ದು ಏನಿದೆ, ಅಕ್ಕ ಮಾಡಿದ ಹಾಗೆ ಮಾಡಿದರೆ ತಪ್ಪಾಗುವುದಿಲ್ಲ ಎಂದು ತಾನೂ ಅಕ್ಕಿ ತೊಳೆದ ನೀರು ಹಾಕಿದಳು, ತಾನೂ ಎಲೆ ಒರೆಸಿದಳು. ಪಡಸಾಲೆಯಲ್ಲಿ ತಂಬಿಗೆಯ ಸದ್ದಾದರೆ ಸಾಕು, ಒಳಗಿದ್ದ ಹಿರಿಯವಳ ಜೀವ ಚುರ್ರೆನ್ನುವುದು. ‘ಹಾಕಿದಳು ಮತ್ತೆ!’ ಎಂದುಕೊಂಡು ಬಂದು ತಾನೂ ಇನ್ನೊಂದು ತಂಬಿಗೆ ಸುರಿಯುವಳು. ಅದನ್ನು ಕಂಡು ಕಿರಿಯವಳು, ಅಕ್ಕನಿಗೆ ಇನ್ನೂ ಬೇಕೆನಿಸಿರಬೇಕು ಎಂದು ತನ್ನದಕ್ಕೂ ಸುರಿಯುವಳು. ತೂತಿಲ್ಲದ ಕುಂಡಗಳು. ಕುಡಿಸಿದ್ದೆಲ್ಲ ಒಳಗೇ ನಿಲ್ಲುತ್ತಿತ್ತು. ಎರಡೂ ಮರುಗ ಮೊದಲಿಗಿಂತ ಹೆಚ್ಚು ಸೊರಗಿ, ತಲೆ ಕೆಳಗೆ ಹಾಕಿದವು.

ತನ್ನ ಗಿಡ ಬಗ್ಗಿದ್ದಕ್ಕೆ ಹಿರಿಯವಳಿಗೆ ದುಃಖವಾಯಿತು. ಪಕ್ಕದ್ದೂ ಬಗ್ಗಿದ್ದಕ್ಕೆ ಆ ದುಃಖ ಅರ್ಧ ಕಡಿಮೆಯಾಯಿತು. ಆದರೆ ಒಂದು ದಿನ ನೋಡುತ್ತಾಳೆ, ಕಿರಿಯವಳ ಗಿಡದ ಕವಲಿನಲ್ಲಿ ಅಕ್ಕಿಕಾಳಿನಷ್ಟು ಹಸಿರು. ಚಿಗುರೋ ಅಲ್ಲವೋ, ದೇವರಿಗೇ ಗೊತ್ತು. ಅವಳ ಕಣ್ಣಿಗೆ ಅದು ಚಿಗುರಾಗಿ ಕಂಡಿತು. ಕಂಡದ್ದೇ ತಡ, ನಿಂತ ನೆಲ ಬಾಯಿಬಿಟ್ಟ ಹಾಗಾಯಿತು.

ಆ ಮಧ್ಯಾಹ್ನ ಅತ್ತೆ ಮಲಗಿದ್ದಳು. ಕಿರಿಯವಳು ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಳು. ಹಿರಿಯವಳು ಪಡಸಾಲೆಗೆ ಬಂದು, ಕಿರಿಯವಳ ಕುಂಡವನ್ನು ಓರೆ ಮಾಡಿ, ತಳದ ತೂತಿನ ಚಿಂದಿಯನ್ನು ಹಿಡಿದು ಎಳೆದು ತೆಗೆದಳು.

ಅವಳ ಎಣಿಕೆ ಸರಳವಾಗಿತ್ತು. ಹಾಕಿದ ನೀರೆಲ್ಲ ಕೆಳಗೆ ಸೋರಿಹೋಗಲಿ. ಇವಳು ತಂಬಿಗೆಗಟ್ಟಲೆ ಸುರಿಯುತ್ತಿರಲಿ, ಗಿಡ ನೀರಡಿಸಿ ಸಾಯಲಿ. ನೆಲಕ್ಕೆ ನೀರು ಹರಿದರೆ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೆ ಹಿಟ್ಟು ನಾದುವ ಒಂದು ಅಗಲವಾದ ಪರಾತದಲ್ಲಿ ಒಲೆಯ ಬೂದಿ ತುಂಬಿ, ಅದರ ಮೇಲೆ ಕುಂಡವನ್ನು ಕೂರಿಸಿದಳು. ಬೂದಿ ನೀರು ಹೀರಿಕೊಳ್ಳುತ್ತದೆ. ಮಾಡುವಾಗ ಮುದುಕಿಯ ಮಗಳ ನೆನಪು ಬರಲಿಲ್ಲವೇ? ಬಂತು. ‘ನನ್ನ ಕುಂಡದಲ್ಲಿ ಒಂದು ಪಾಲು ಇದೆಯಲ್ಲ, ಮುದುಕಿಗೆ ಅದು ಸಾಕು’ ಎಂದು ಆ ನೆನಪಿನ ಬಾಯಿ ಮುಚ್ಚಿಸಿದಳು. ತನ್ನ ಕುಂಡದ ಚಿಂದಿ ಸಡಿಲವಾಗಿದೆಯೇನೋ ಎಂದು ನೋಡಿ, ಇನ್ನಷ್ಟು ತುರುಕಿ ಬಿಗಿದಳು.

ಕಿರಿಯವಳು ಗಿರಣಿಯಿಂದ ಬಂದು ಬೂದಿಯ ಪರಾತ ನೋಡಿ, “ಇದೇನಕ್ಕಾ?” ಎಂದಳು.

“ಇರುವೆ ಹತ್ತುತ್ತಿದ್ದವು. ಬೂದಿ ಇಟ್ಟಿದ್ದೇನೆ.”

“ನಿಮ್ಮದಕ್ಕೆ ಇಲ್ಲವಲ್ಲ?”

“ನನ್ನದಕ್ಕೆ ಬೇಡ. ನನ್ನ ಕುಂಡ ನೀನು ಮುಟ್ಟಬೇಡ” ಎಂದು ಹಿರಿಯವಳು ಒಳಗೆ ಹೋದಳು.

ಅಂದಿನಿಂದ ಅವಳು ಕಾದಳು. ಕಿರಿಯವಳು ನೀರು ಹಾಕಿದಾಗಲೆಲ್ಲ ಅದು ಬೂದಿಗೆ ಇಳಿಯುವುದನ್ನು ಕಲ್ಪಿಸಿಕೊಂಡು ಒಳಗೊಳಗೇ ನಕ್ಕಳು. ಬೂದಿ ನೆನೆದರೆ ಯಾರಿಗೂ ಕಾಣದ ಹಾಗೆ ತೆಗೆದು ಒಣಬೂದಿ ಹಾಕಿದಳು. ನೋಡು, ಎಂಥ ಶ್ರದ್ಧೆ! ಗಿಡದ ಸೇವೆಗೆ ಕೂಡ ಯಾರೂ ಇಷ್ಟು ಶ್ರದ್ಧೆ ತೋರುವುದಿಲ್ಲ.

ಅತ್ತ ಕಿರಿಯವಳ ಮರುಗ ತಲೆಯೆತ್ತಿತು. ಹಳದಿ ಎಲೆಗಳು ಉದುರಿದವು, ಹಸಿರು ಎಲೆಗಳು ಬಂದವು. ಇತ್ತ ಹಿರಿಯವಳ ಮರುಗದ ಬುಡ ಕಪ್ಪಾಯಿತು.

ಅವಳಿಗೆ ತಲೆ ಕೆಟ್ಟುಹೋಯಿತು. ಹೋಗಿ ಕುಂಡದ ತಳಕ್ಕೆ ಕೈ ಹಾಕಿ ನೋಡಿದಳು, ತೂತು ತೆರೆದೇ ಇದೆ. ‘ನೀರೇ ನಿಲ್ಲದೆ ಹೇಗೆ ಬೆಳೆಯಿತು? ದೇವರೂ ಇವಳ ಕಡೆಗೇ ಸೇರಿಕೊಂಡನೇ?’ ಎಂದು ಅಳು ಬಂತು. ಅಳುವಿನ ಸಿಟ್ಟಿನಲ್ಲಿ ಗಿಡದ ತುದಿಗಳನ್ನೆಲ್ಲ ಚಟಚಟನೆ ಚಿವುಟಿ ಹಾಕಿದಳು. ಗಿಡ ಬೋಳಾಯಿತು. ಮನಸ್ಸಿಗೆ ಸ್ವಲ್ಪ ತಂಪಾಯಿತು.

ಮರುಗದ ತುದಿ ಚಿವುಟಿದರೆ ಏನಾಗುತ್ತದೆ ಎಂದು ಗಿಡ ಸಾಕಿದವರನ್ನು ಕೇಳಿ ನೋಡು. ಚಿವುಟಿದ ಒಂದೊಂದು ಕಡೆಯೂ ಎರಡೆರಡು ಕವಲು ಒಡೆಯುತ್ತದೆ. ಗಿಡ ಮೊದಲಿಗಿಂತ ದಟ್ಟವಾಗಿ ಕುಂಡದ ತುಂಬ ಹರಡಿತು. ಪಡಸಾಲೆಗೆ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುವುದೇ ಅದರ ಘಮ. ಹಿರಿಯವಳಿಗೆ ಆ ಘಮದಲ್ಲಿ ಉಣ್ಣಲೂ ಆಗದಾಯಿತು.

ಕೊನೆಗೆ ಮುದುಕಿ ಬಂದಳು. ಜೊತೆಗೆ ಓಣಿಯ ಹೆಂಗಸರು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಅಂಚಿಗೆ ಜರಿಯಿದ್ದ ಒಂದು ಖಣ. ಹಿರಿಯವಳ ಕುಂಡದಲ್ಲಿ ಕರಿಕಡ್ಡಿ ಮಾತ್ರ ನಿಂತಿತ್ತು. ಹೆಂಗಸರು ಅದನ್ನು ನೋಡಿದರು, ಅವಳ ಮುಖವನ್ನೂ ನೋಡಿದರು. ಮುದುಕಿ ಹಸಿರು ಗಿಡದ ಮುಂದೆ ಕುಕ್ಕರಿಸಿ ಕೂತು, ಒಂದು ಎಲೆ ಮೂಸಿ, “ಬಂದೆಯಾ ನನ್ನವ್ವಾ” ಎಂದು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಕಿರಿಯವಳನ್ನು ಕರೆದು, “ಬಾ ಮಗಳೇ, ಸೆರಗು ಹಿಡಿ” ಎಂದಳು.

ಹಿರಿಯವಳು ಕಂಬಕ್ಕೆ ಒರಗಿ ನಿಂತಿದ್ದಳು.

ಕಿರಿಯವಳು, “ಮೊದಲು ಗಿಡ ತಗೊಳ್ಳಿ ಅವ್ವಾ” ಎಂದು ಕುಂಡವನ್ನು ಎರಡೂ ಕೈಯಿಂದ ಎತ್ತಿದಳು. ತಳಕ್ಕೆ ಹಿಡಿದ ಬೆರಳು ತೂತಿನೊಳಗೆ ಹೋಯಿತು.

“ಅಯ್ಯೋ, ಇದರ ಚಿಂದಿ ಎಲ್ಲಿ?” ಎಂದಳು.

“ಚಿಂದಿ ತೆಗೆದವರು ಯಾರು?” ಎಂದಳು ಅತ್ತೆ. “ನೆಲವೆಲ್ಲ ಹಾಳಾಗುತ್ತಿತ್ತಲ್ಲ!”

ಕಿರಿಯವಳು ಬೂದಿಯ ಪರಾತ ನೋಡಿದಳು. ಒದ್ದೆ ಬೂದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಕಂಬದ ಹತ್ತಿರ ನಿಂತ ಅಕ್ಕನನ್ನು ನೋಡಿದಳು. ಯಾರೂ ತಡೆಯುವ ಮೊದಲೇ ಹೋಗಿ ಸತ್ತ ಗಿಡದ ಕುಂಡವನ್ನು ಓರೆ ಮಾಡಿ, ಬಿಗಿದಿದ್ದ ಚಿಂದಿಯನ್ನು ಕಿತ್ತಳು. ನಾರುವ ಕಪ್ಪು ನೀರು ಗಳಗಳನೆ ಗಾರೆ ನೆಲದ ಮೇಲೆ ಹರಿಯಿತು. ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು.

ಇನ್ನೇನು, ತನ್ನ ಬದುಕು ಮುಗಿಯಿತು ಎಂದುಕೊಂಡಳು ಹಿರಿಯವಳು.

“ಅವ್ವಾ, ಉಡಿ ನನಗಲ್ಲ” ಎಂದಳು ಕಿರಿಯವಳು. “ಬೇರು ನೀರಿನಲ್ಲಿ ಕೊಳೆಯುತ್ತಿದೆ ಅಂತ ಅಕ್ಕನಿಗೆ ಗೊತ್ತಾಗಿತ್ತು. ನನ್ನ ಕುಂಡದ ಚಿಂದಿ ತೆಗೆದವರು ಅವರೇ. ಇರುವೆಗೆ ಅಂತ ಸುಳ್ಳು ಹೇಳಿ ಬೂದಿ ಇಟ್ಟರು. ತುದಿ ಚಿವುಟಿ ಗಿಡ ದಟ್ಟ ಮಾಡಿದ್ದೂ ಅವರೇ, ಬಾಗಿಲ ಹಿಂದಿನಿಂದ ನಾನು ನೋಡಿದ್ದೇನೆ. ತಮ್ಮದನ್ನು ಮಾತ್ರ ಹಾಗೆಯೇ ಬಿಟ್ಟರು. ಯಾಕೆ ಗೊತ್ತೇ? ನಾನು ಹೊಸದಾಗಿ ಬಂದವಳು, ನನಗೆ ನಾಲ್ಕು ಜನರಲ್ಲಿ ಹೆಸರು ಬರಲಿ ಅಂತ. ಇಷ್ಟು ದಿನ ಒಂದು ಮಾತು ಆಡಲಿಲ್ಲ ನೋಡಿ!” ಎಂದು ಓಡಿ ಬಂದು ಅಕ್ಕನ ಕಾಲು ಹಿಡಿದಳು.

ಹೆಂಗಸರೆಲ್ಲ “ಎಂಥ ಮನಸ್ಸು, ಎಂಥ ಮನಸ್ಸು” ಎಂದರು. ಮುದುಕಿ ಹತ್ತಿರ ಬಂದು, ಹಿರಿಯವಳ ಕೆನ್ನೆ ಸವರಿ, ನೆಟಿಕೆ ಮುರಿದು ದೃಷ್ಟಿ ತೆಗೆದಳು. “ತನ್ನ ಹೆಸರು ಹೋದರೂ ತಂಗಿಯ ಹೆಸರು ಉಳಿಸುವವಳು ಯಾವ ಮನೆಯಲ್ಲಿ ಸಿಗುತ್ತಾಳೆ? ಸೆರಗು ಹಿಡಿ ತಾಯೀ” ಎಂದಳು. ಅತ್ತೆ ಹರಿದ ನೀರನ್ನೂ ಮರೆತು, ಈ ಸೊಸೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು.

ಆಗ ಹೇಳಬಹುದಿತ್ತು. ‘ಅಲ್ಲ, ಕೊಲ್ಲಲು ತೆಗೆದೆ’ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಇಷ್ಟು ವರ್ಷ ಯಾವುದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದಳೋ ಅದೆಲ್ಲ ಒಂದೇ ಸಲಕ್ಕೆ ಎದುರಿಗೆ ಬಂದು ನಿಂತಿತ್ತು. ಅವಳು ಸೆರಗು ಹಿಡಿದಳು. “ಅಯ್ಯೋ, ನನ್ನದೇನಿದೆ, ಎಲ್ಲ ದೇವರದು” ಎಂದಳು. ಅದನ್ನೂ ಜನ ವಿನಯ ಎಂದುಕೊಂಡರು.

ಆಮೇಲೆ ಓಣಿಯ ಎಲ್ಲ ಮನೆಗಳಲ್ಲೂ ಕುಂಡದ ಚಿಂದಿ ಕಿತ್ತು ಬೂದಿಯ ಪರಾತ ಇಟ್ಟರು. ಯಾವ ಗಿಡವೂ ಮೊದಲಿನ ಹಾಗೆ ಸೊರಗಲಿಲ್ಲ. ಸೊರಗದಿದ್ದ ಮೇಲೆ ಗಿಡವನ್ನು ತವರಿಗೆ ಕಳಿಸುವವರು ಯಾರು? ಗಿಡದಕ್ಕ ಇದ್ದಾಳೇನ್ರೀ ಎಂದು ಬಾಗಿಲಲ್ಲಿ ಕೇಳುವುದೂ ನಿಂತಿತು. ಬದಲಿಗೆ ಓಣಿಯಲ್ಲಿ ಯಾವ ಓರಗಿತ್ತಿಯರು ಜಗಳವಾಡಿದರೂ ಇವಳ ಹೆಸರು ಹೇಳಿ ಬುದ್ಧಿ ಹೇಳತೊಡಗಿದರು.

ಕಿರಿಯವಳಂತೂ ಅಕ್ಕನನ್ನು ದೇವರ ಹಾಗೆ ನೋಡಿಕೊಂಡಳು. ಅಕ್ಕ ಉಂಡ ಮೇಲೆ ತಾನು ಉಂಡಳು. ತನಗೆ ಬಂದ ಕೆನೆಯನ್ನು ಅಕ್ಕನ ತಾಟಿಗೆ ಹಾಕಿದಳು. ಹುಟ್ಟಿದ ಮಗಳಿಗೆ ಅಕ್ಕನ ಹೆಸರನ್ನೇ ಇಟ್ಟಳು. ಹಿರಿಯವಳಿಗೆ ಈಗ ಓರಗಿತ್ತಿಯ ಕೈಗುಣದ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಆ ಹುಡುಗಿ ಯಾವ ಭಾರವೂ ಇಲ್ಲದೆ ನಗುತ್ತಾಳಲ್ಲ, ಆ ನಗುವಿನ ಮೇಲೆ ಹೊಟ್ಟೆಕಿಚ್ಚು. ಇದು ಮೊದಲಿನದಕ್ಕಿಂತ ಹೆಚ್ಚು ಸುಟ್ಟಿತು. ಆ ಹುಡುಗಿ “ಅಕ್ಕಾ” ಎಂದಾಗಲೆಲ್ಲ ಇವಳು ತಲೆ ತಗ್ಗಿಸಿ ಕೆಲಸ ಹುಡುಕುತ್ತಿದ್ದಳು.

ಅಜ್ಜ ಕತೆ ನಿಲ್ಲಿಸಿದರು.

ಪರ್ವತಯ್ಯ ಚಾಪೆಯ ಒಂದು ಕಡ್ಡಿ ಕಿತ್ತ. ಆಮೇಲೆ, “ಹಾಗಾದರೆ ಅದು ಪುಣ್ಯವೇ ಆಯಿತಲ್ಲ ಅಜ್ಜಾರೇ? ಗಿಡ ಉಳಿಯಿತು. ಮುದುಕಿಗೆ ಸಮಾಧಾನವಾಯಿತು. ಯಾರಿಗೂ ನಷ್ಟವಾಗಲಿಲ್ಲ” ಎಂದ.

“ಗಿಡ ಉಳಿದದ್ದು ಗಿಡದ ಭಾಗ್ಯ. ನೀನು ಕೇಳಿದ್ದು ಮಾಡಿದವರ ವಿಷಯ.”

ಪರ್ವತಯ್ಯನ ದನಿ ಸಣ್ಣದಾಯಿತು. “ಆಕೆ ಕೊನೆಗಾದರೂ ನಿಜ ಹೇಳಿದಳೇ?”

“ಹೇಳಿದಳು. ಹೀಗೆಯೇ ಇಲ್ಲಿಗೆ ಬಂದು ನನಗೆ ಹೇಳಿ ಹಗುರಾಗಿ ಹೋದಳು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದ ಓರಗಿತ್ತಿ ಮನೆಯಲ್ಲೇ ಇದ್ದಳು” ಎಂದು ಅಜ್ಜ ಪಕ್ಕದ ಕೋಣೆಯ ಬಾಗಿಲ ಕಡೆ ನೋಡಿದರು.